ಗಾಳಿಗೆ ಅಡ್ಡ ಹಿಡಿದ ಕಂಬಳಿ

ನನಗೆ ಗಾಳಿ ಕಂಡರೆ ಆಗುವುದಿಲ್ಲ. ಸೋನ್‌ಕೋಲ್ ಕೆರೆಯ ದಂಡೆಯಲ್ಲಿ ಬೆಳೆದವಳ ಬಾಯಲ್ಲಿ ಇಂಥ ಮಾತು ಬರಬಾರದು, ಗೊತ್ತು. ನಮ್ಮವರಿಗೆ ಗಾಳಿ ಅಂದರೆ ಕುದುರೆಗಳ ಮೈಮೇಲಿನ ನೊಣ ಓಡಿಸುವ ಪುಣ್ಯಾತ್ಮ. ಆದರೆ ನಾನು ನಾರಿನ್ ಪಟ್ಟಣದ ರೇಡಿಯೋದಲ್ಲಿ ದನಿ ಹಿಡಿಯುವ ಕೆಲಸ ಮಾಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವಳು. ಕುರಿ ಕಾಯುವವರು, ಹಾಲು ಕರೆಯುವವರು, ಪದಕ ಗೆದ್ದ ಟ್ರ್ಯಾಕ್ಟರ್ ಚಾಲಕರು, ಎಲ್ಲರನ್ನೂ ಬಯಲಲ್ಲಿ ನಿಲ್ಲಿಸಿ ಮಾತಾಡಿಸುವುದು, ಹೆಗಲು ಕಿತ್ತುಹೋಗುವಂಥ ಯಂತ್ರ ಹೊತ್ತು ವಾಪಸ್ ಬರುವುದು, ಕಚೇರಿಯಲ್ಲಿ ಕೂತು ಕೇಳಿದರೆ ಮಾತೆಲ್ಲ ಗಾಳಿಯ ಪಾಲು. ನಮ್ಮ ಸಂಪಾದಕ ಕಿವಿಯಿಂದ ಹೆಡ್‌ಫೋನ್ ತೆಗೆದು, "ಏನು ಸಾಯ್ರಾ, ಇವತ್ತೂ ಗಾಳಿಯದ್ದೇ ಸಂದರ್ಶನವಾ?" ಅನ್ನುತ್ತಿದ್ದ. ಅವನ ಹೊಟ್ಟೆ ತಣ್ಣಗಿರಲಿ, ಈಗ ಅವನೂ ಇಲ್ಲ, ಆ ಯಂತ್ರವೂ ಇಲ್ಲ.

ಊರಿನವರ ದನಿಯನ್ನೆಲ್ಲ ಹಿಡಿದೆ. ನನ್ನ ಅಕ್ಕ ಝೂರಾಳದ್ದು ಮಾತ್ರ ಎಂದೂ ಹಿಡಿಯಲಿಲ್ಲ. ಮನೆಯವರ ದನಿಯನ್ನು ಯಾರು ಹಿಡಿದಿಟ್ಟುಕೊಳ್ಳುತ್ತಾರೆ? ಅದು ಒಲೆಯ ಮೇಲಿನ ಕೆಟಲಿನ ಸದ್ದಿನ ಹಾಗೆ ಇದ್ದೇ ಇರುತ್ತದೆ ಅಂದುಕೊಂಡಿರುತ್ತೇವೆ.

ಅವಳದ್ದು ಅಂಥಿಂಥ ದನಿಯಲ್ಲ. ಚಿಕ್ಕವರಿದ್ದಾಗ ಬೇಸಿಗೆಯ ಹುಲ್ಲುಗಾವಲಿನಲ್ಲಿ ನಾನು ಹೊಳೆ ದಾಟಿ ಬೇರೆಯವರ ಗುಡಾರಗಳ ಕಡೆ ಆಡಲು ಹೋಗಿಬಿಡುತ್ತಿದ್ದೆ. ಸಂಜೆ ಅಕ್ಕ ಬಂಡೆ ಹತ್ತಿ ಒಮ್ಮೆ "ಸಾಯ್ರಾ" ಅಂತ ಕೂಗಿದರೆ ಸಾಕು, ಆ ಕೊನೆಯ 'ರಾ' ಹೊಳೆ ದಾಟಿ, ಗುಡ್ಡಕ್ಕೆ ತಾಗಿ, ಮತ್ತೆ ಬರುತ್ತಿತ್ತು. ಅಲ್ಲಿನ ಹೆಂಗಸರು, "ಎದ್ದು ಹೋಗೇ, ನಿಮ್ಮಕ್ಕ ಕರೆದಳು. ಇನ್ನೊಂದು ಸಲ ಕೂಗಿದರೆ ನಮ್ಮ ಮೊಸರು ಒಡೆದುಹೋಗುತ್ತೆ" ಅಂತ ನನ್ನನ್ನು ಅಟ್ಟುತ್ತಿದ್ದರು. ಆಗ ನನಗೆ ಅವಮಾನವಾಗುತ್ತಿತ್ತು. ಈಗ ಆ ಕೂಗಿಗಾಗಿ ಏನು ಬೇಕಾದರೂ ಕೊಟ್ಟೇನು.

ನಾನು ಕೆಲಸದಿಂದ ನಿವೃತ್ತಳಾದ ಮೇಲಿನ ಬೇಸಿಗೆ. ಅಕ್ಕ ಸಿಗ್ನಲ್ ಸಿಗುವ ಕಣಿವೆಯ ಬಾಯಿಯವರೆಗೆ ಕುದುರೆಯ ಮೇಲೆ ಇಳಿದು ಬಂದು ಫೋನ್ ಮಾಡಿದಳು. ದನಿ ಗೊಗ್ಗರಾಗಿತ್ತು.

"ಸಾಯ್ರಾ, ಗಂಟಲಲ್ಲಿ ಗಂಟು ಅಂದಿದ್ದರಲ್ಲ, ಅದು ಕೆಟ್ಟದ್ದಂತೆ. ಬಿಶ್ಕೆಕ್ ಡಾಕ್ಟರು ಮಾತಾಡೋ ಪೆಟ್ಟಿಗೇನೇ ತೆಗೀಬೇಕು ಅಂದರು. ಮುಂದಿನ ವಾರವೇ."

ನಾನು ಮೂಗು ಸೇದಿದ್ದು ಅವಳಿಗೆ ಕೇಳಿಸಿತು.

"ಅಳಬೇಡ, ಫೋನಿನ ಚಾರ್ಜ್ ಕಮ್ಮಿ ಇದೆ. ಜೀವಕ್ಕೇನೂ ಆಗಲ್ಲವಂತೆ. ದನಿ ಮಾತ್ರ ಹೋಗುತ್ತೆ. ಹೋಗಲಿ ಬಿಡು, ಇಷ್ಟು ವರ್ಷ ಕೂಗಿದ್ದು ಸಾಲದಾ? ಆದರೆ ನನ್ನ ಮಗಳು ಬೆಗಾಯಿಮ್‌ದು ಮದುವೆ ಇದೆಯಲ್ಲೇ ಶರತ್ಕಾಲಕ್ಕೆ. ಹುಡುಗಿಯನ್ನು ಹರಸಿ ಕಳಿಸಿಕೊಡುವಾಗ ಹರಕೆ ನಾನಲ್ಲದೆ ಇನ್ಯಾರು ಹೇಳಬೇಕು? ನಿನ್ನ ಫೋನ್ ತಗೊಂಡು ಬಾ. ಈಗಲೇ ಹಿಡಿದಿಟ್ಟುಕೋ. ಸ್ವಚ್ಛವಾಗಿ ಬರಬೇಕು ಮತ್ತೆ. ಒಡಕು ದನಿಯ ತಾಯಿ ಅಂತ ಬೀಗರು ಆಡಿಕೊಳ್ಳಬಾರದು."

ಕೊನೆಗೆ ಇನ್ನೊಂದು ಮಾತು ಸೇರಿಸಿದಳು. "ದನಿ ಪೂರ್ತಿ ಹೋಗುತ್ತೆ ಅಂತ ಬೆಗಾಯಿಮ್‌ಗೆ ಹೇಳಿಲ್ಲ. ಎರಡು ತಿಂಗಳಲ್ಲಿ ವಾಪಸ್ ಬರುತ್ತೆ ಅಂದಿದ್ದೀನಿ. ನಿನ್ನ ನಾಲಿಗೆ ಹಿಡಿತದಲ್ಲಿರಲಿ."

ನನ್ನ ನಾಲಿಗೆಯ ಮೇಲೆ ಅವಳಿಗೆ ಎಂದೂ ನಂಬಿಕೆ ಇರಲಿಲ್ಲ. ಅದು ಸರಿಯೇ ಆಗಿತ್ತು.

ಮೇಲಿನ ಹುಲ್ಲುಗಾವಲಿಗೆ ಹೋದಾಗ ಹುಲ್ಲು ಮೊಣಕಾಲವರೆಗೆ ಬೆಳೆದಿತ್ತು. ಗುಡಾರದ ಮುಂದೆ ಉದ್ದಕ್ಕೆ ಎಳೆದು ಕಟ್ಟಿದ ಹಗ್ಗಕ್ಕೆ ಕುದುರೆ ಮರಿಗಳನ್ನು ಸಾಲಾಗಿ ಬಿಗಿದಿದ್ದರು, ತಾಯಿ ಕುದುರೆಗಳು ಸುತ್ತ ನಿಂತಿದ್ದವು. ಭಾವ ಮಾಂಬೆತ್ ಚರ್ಮದ ಚೀಲದಲ್ಲಿ ಕುಮಿಸ್, ಅಂದರೆ ಹುಳಿ ಬಂದ ಕುದುರೆ ಹಾಲು, ಕಡೆಯುತ್ತಿದ್ದ. ಕೋಲು ಒಳಗೆ ಹೋಗಿ ಬರುವ ಆ ಬುಳುಕ್ ಬುಳುಕ್ ಸದ್ದು ಕೇಳಿದ ಕೂಡಲೇ ನನಗೆ ನಮ್ಮಪ್ಪನ ಗುಡಾರ, ಅಮ್ಮನ ಹೊಗೆ ಹಿಡಿದ ತಲೆವಸ್ತ್ರ, ಎಲ್ಲ ಒಟ್ಟಿಗೆ ನೆನಪಾಯಿತು. ಸದ್ದಿಗೆ ಆ ಶಕ್ತಿ ಇದೆ. ಫೋಟೋ ನೋಡಿದರೆ ಹಳೆಯದು ಹಳೆಯದಾಗಿಯೇ ಇರುತ್ತದೆ. ಸದ್ದು ಕೇಳಿದರೆ ನಾವೇ ಅಲ್ಲಿಗೆ ಹೋಗಿಬಿಡುತ್ತೇವೆ.

"ಬಂದಳಪ್ಪ ಮಾಸ್ಕೋ ರೇಡಿಯೋ!" ಅಂದ ಭಾವ. "ಸಾಯ್ರಾ, ನಿಮ್ಮಕ್ಕನ ದನಿ ಹಿಡಿದಿಡೋಕೆ ಬಂದಿದ್ದೀಯಂತೆ. ಮೂವತ್ತು ವರ್ಷದಿಂದ ನಾನು ಕೇಳಿದ ಬೈಗುಳವೆಲ್ಲ ಈ ಕಿವಿಯಲ್ಲೇ ಇದೆ. ಬೇಕಿದ್ದರೆ ಇಲ್ಲಿಂದಲೇ ಇಳಿಸಿಕೊಂಡು ಹೋಗು."

"ನಿಮ್ಮ ಕಿವಿಯಲ್ಲಿ ಮೇಣ ಬಿಟ್ಟರೆ ಏನೂ ಇಲ್ಲ ಭಾವ. ಇದ್ದಿದ್ದರೆ ಅಕ್ಕನಿಗೆ ಅಷ್ಟು ಜೋರಾಗಿ ಕೂಗೋ ಅಗತ್ಯವೇ ಇರುತ್ತಿರಲಿಲ್ಲ."

ಅವನು ನಕ್ಕ. ಆದರೆ ಕಡೆಯುವ ಕೋಲನ್ನು ಹಿಡಿದ ಕೈ ನಿಂತುಹೋಗಿತ್ತು, ಕಣ್ಣು ಅಕ್ಕನ ಮೇಲೇ ಇತ್ತು. ದನಿ ವಾಪಸ್ ಬರುವುದಿಲ್ಲ ಅಂತ ಅವನಿಗೂ ಗೊತ್ತಿತ್ತು.

ಬೆಗಾಯಿಮ್ ಬಂದು ನನ್ನನ್ನು ತಬ್ಬಿಕೊಂಡಳು. ನಾರಿನ್‌ನಲ್ಲಿ ರೊಟ್ಟಿ ಅಂಗಡಿಯ ಕೆಲಸ ಅವಳದ್ದು, ರಜೆ ಹಾಕಿ ಬಂದಿದ್ದಳು. ನನ್ನ ಫೋನ್ ನೋಡಿದ ತಕ್ಷಣ ಅವಳ ಮುಖ ಗಂಟಿಕ್ಕಿತು.

"ಚಿಕ್ಕಮ್ಮ, ನೀವೂ ಇದಕ್ಕೆ ಸೇರಿಕೊಂಡಿರಾ? ಸತ್ತವರ ದನಿ ಇಟ್ಟುಕೊಳ್ಳೋ ಹಾಗೆ ಏನಿದು? ಅಮ್ಮನ ದನಿ ವಾಪಸ್ ಬರೋವರೆಗೆ ಮದುವೆ ಮುಂದೆ ಹಾಕಿದರಾಯ್ತು. ಆ ಹುಡುಗ ಕಾಯಲ್ಲ ಅಂದರೆ ಅವನು ಗಂಡಸೇ ಅಲ್ಲ."

ನಾಲಿಗೆಯ ತುದಿಗೆ ಬಂದ ನಿಜವನ್ನು ನುಂಗಿಕೊಂಡೆ. ಅವಳು ಫೋನಿನ ಕಡೆ ಇನ್ನೊಮ್ಮೆ ನೋಡದೆ ಮರಿಗಳ ಕಡೆ ಹೊರಟುಹೋದಳು.

ಕೆಲಸ ಶುರುವಾಯಿತು. ಅಕ್ಕನ ದನಿ ಬೆಳಿಗ್ಗೆ ಸ್ವಲ್ಪ ತಿಳಿಯಾಗಿರುತ್ತಿತ್ತು, ಮಧ್ಯಾಹ್ನ ಕಳೆಯುತ್ತಲೇ ಉಪ್ಪುಕಾಗದ ಉಜ್ಜಿದ ಹಾಗೆ. ಹಾಗಾಗಿ ಬೆಳಗಿನ ಹೊತ್ತೇ ಗತಿ. ಅವಳನ್ನು ಗುಡಾರದ ಮರೆಗೆ, ಗಾಳಿಗೆ ಬೆನ್ನು ಮಾಡಿ ಕೂರಿಸಿದೆ. ಫೋನಿನ ತಳದ ಸಣ್ಣ ತೂತುಗಳಲ್ಲಿ ತುಂಬಿದ್ದ ಕೊಳೆಯನ್ನು ಒಣ ಬ್ರಷ್‌ನಿಂದ ಮೆಲ್ಲಗೆ ತೆಗೆದೆ. ಬಾಯಿಗೆ ಒಂದು ಗೇಣು ದೂರ, ನೇರಕ್ಕಲ್ಲ, ಕೆನ್ನೆಯ ಕಡೆ ಸ್ವಲ್ಪ ಓರೆಯಾಗಿ ಹಿಡಿದೆ. ನೇರ ಹಿಡಿದರೆ ಉಸಿರು ಬಡಿದು ಮಾತು ಒಡೆಯುತ್ತದೆ.

"ಏನಾದರೂ ಮಾತಾಡು ಅಕ್ಕ."

"ಏನಂತ?"

"ಏನಾದರೂ."

"ಏನಾದರೂ ಮಾತಾಡು ಅಂದರೆ ಯಾವ ಹೆಂಗಸಿಗಾದರೂ ಬಾಯಿ ಕಟ್ಟುತ್ತೆ ಕಣೇ" ಅಂದಳು. ಅಷ್ಟರಲ್ಲಿ ನಾಯಿ ಬೊಗಳಿತು. ನಾಯಿಯನ್ನು ಅಟ್ಟಿದರೆ ಭಾವ ಕೆಮ್ಮಿದ. ಭಾವನನ್ನು ಅಟ್ಟಿದರೆ ಗಾಳಿ ತಿರುಗಿತು. ಕೇಳಿ ನೋಡಿದರೆ ಮತ್ತೆ ಅದೇ ಭರ್ ಭರ್. ನನಗೆ ಸಿಟ್ಟು ನೆತ್ತಿಗೇರಿತು. ಭಾವನ ತಲೆಯ ಮೇಲಿದ್ದ ಬಿಳಿ ಉಣ್ಣೆಯ ಟೊಪ್ಪಿ ಕಣ್ಣಿಗೆ ಬಿತ್ತು. ಅದರೊಳಗೆ ಫೋನ್ ಇಟ್ಟರೆ ಗಾಳಿ ನುಗ್ಗುವುದಿಲ್ಲ, ಮಾತು ಮಾತ್ರ ಒಳಗೆ ಬರುತ್ತದೆ.

"ಭಾವ, ಟೊಪ್ಪಿ ಕೊಡಿ."

ಅವನು ಎರಡೂ ಕೈಯಿಂದ ಟೊಪ್ಪಿ ಹಿಡಿದುಕೊಂಡ. ನಮ್ಮಲ್ಲಿ ಗಂಡಸು ತನ್ನ ಟೊಪ್ಪಿಯನ್ನು ಯಾರ ಕೈಗೂ ಕೊಡುವುದಿಲ್ಲ. "ತಲೆ ಬೇಕಾದರೆ ಕೇಳು, ಕೊಡ್ತೀನಿ. ಟೊಪ್ಪಿ ಕೇಳಬೇಡ."

"ಅವರ ತಲೆ ತಗೊಂಡು ಏನು ಮಾಡ್ತೀಯ? ಖಾಲಿ ಪಾತ್ರೆಯಲ್ಲಿ ದನಿ ಗುಂಯ್ ಅನ್ನುತ್ತೆ" ಅಂದಳು ಅಕ್ಕ.

ಕೊನೆಗೆ ಅವಳೇ ಎದ್ದುಹೋಗಿ ಹೊಸದಾಗಿ ಕತ್ತರಿಸಿದ ಕುರಿಯುಣ್ಣೆಯ ಒಂದು ಹಿಡಿ ತಂದಳು. ಅದನ್ನು ಹಗುರಾಗಿ ಬಿಡಿಸಿ ಫೋನಿನ ತಳಕ್ಕೆ ಸುತ್ತಿ ದಾರ ಕಟ್ಟಿದೆ. ಕೇಳಿ ನೋಡಿದರೆ ಭರ್ ಭರ್ ಮಾಯ! ರೇಡಿಯೋದಲ್ಲಿದ್ದಾಗ ಇದು ನನ್ನ ತಲೆಗೆ ಹೊಳೆದಿದ್ದರೆ ಆ ಸಂಪಾದಕನ ಬಾಯಿ ಎಂದೋ ಮುಚ್ಚಿಸುತ್ತಿದ್ದೆ.

ಆಮೇಲಿನ ದಿನಗಳು ಚೆನ್ನಾಗಿದ್ದವು. ಅಂಥ ಹೊತ್ತಿನಲ್ಲಿ ಚೆನ್ನಾಗಿದ್ದವು ಅನ್ನಬಹುದೋ ಇಲ್ಲವೋ ಗೊತ್ತಿಲ್ಲ, ಆದರೆ ನಿಜ. ಅಕ್ಕ ಹೇಳಿದಳು, "ಎಲ್ಲರ ಬಾಯಿ ಮುಚ್ಚಿಸಿ ನನ್ನೊಬ್ಬಳ ಮಾತು ಹಿಡಿದರೆ ನಾನು ಆಸ್ಪತ್ರೆಯಲ್ಲಿ ಕೂತು ಮಾತಾಡಿದ ಹಾಗಿರುತ್ತೆ. ಉಳಿದದ್ದನ್ನೂ ಹಿಡಿ." ಸರಿ, ಉಣ್ಣೆ ಕಟ್ಟಿದ ಫೋನ್ ಹಿಡಿದು ಅವಳ ಹಿಂದೆ ಬಾಲದ ಹಾಗೆ ಸುತ್ತಿದೆ. ಹಾಲಿನ ಮೊದಲ ಧಾರೆ ಖಾಲಿ ಬಕೆಟಿಗೆ ಬೀಳುವ ಚುರ್, ಬಕೆಟ್ ತುಂಬುತ್ತ ಅದು ಮೆತ್ತಗಾಗುವುದು. ಮರಿಯನ್ನು ತಾಯಿಯ ಬಳಿ ಬಿಡುವಾಗ ಅಕ್ಕ ನಾಲಿಗೆಯಲ್ಲಿ ಮಾಡುವ ಕ್ಲಕ್ ಕ್ಲಕ್. ಸಗಣಿ ಬೆರಣಿ ಒಲೆಯಲ್ಲಿ ಸಿಡಿಯುವುದು. ಕರಿದ ಹಿಟ್ಟಿನ ತುಂಡುಗಳನ್ನು ಮೇಜಿನ ಬಟ್ಟೆಯ ಮೇಲೆ ಸುರಿದಾಗ ಆಗುವ ಒಣ ಸದ್ದು. ಭಾವ ಟೀ ಹೀರುವುದು. ಅದನ್ನು ಹಿಡಿಯಲು ಫೋನ್ ಹತ್ತಿರ ಒಯ್ಯುವ ಅಗತ್ಯವೇ ಇರಲಿಲ್ಲ, ಕೆರೆಯ ಆಚೆ ದಂಡೆಯಿಂದಲೂ ಹಿಡಿಯಬಹುದಿತ್ತು. ಮಧ್ಯೆ ಮಧ್ಯೆ ಅಕ್ಕ ಹಳೆಯದನ್ನೆಲ್ಲ ಹೇಳುತ್ತಿದ್ದಳು. ಅಡುಗೆಮನೆಯ ಗೋಡೆಯ ಮೇಲಿದ್ದ ರೇಡಿಯೋ ಪೆಟ್ಟಿಗೆ ಬೆಳಿಗ್ಗೆ ಹವಾಮಾನ ಹೇಳಿದರೆ ನಮ್ಮಜ್ಜಿ ಅದಕ್ಕೆ ತಿರುಗಿ ಬೈಯುತ್ತಿದ್ದದ್ದು, ನಾನು ಕುಮಿಸ್ ಕುಡಿದು ಮತ್ತೇರಿ ಕರುವಿನ ಪಕ್ಕ ಮಲಗಿಬಿಟ್ಟದ್ದು. ನಾನು ನಗು ತಡೆಯಲಾರದೆ ಎಷ್ಟೋ ಸಲ ರೆಕಾರ್ಡ್ ಹಾಳು ಮಾಡಿದೆ.

ಹರಕೆ ಮಾತ್ರ ಆಗಲಿಲ್ಲ. ಅಕ್ಕ ಫೋನಿನ ಮುಂದೆ ಕೂರುತ್ತಾಳೆ, ಎರಡೂ ಕೈ ಎತ್ತುತ್ತಾಳೆ, ಬಾಯಿ ತೆರೆಯುತ್ತಾಳೆ, ಕೈ ಇಳಿಸುತ್ತಾಳೆ.

"ಆಗಲ್ಲ ಸಾಯ್ರಾ. ಎದುರಿಗೆ ಕೈ ಒಡ್ಡಿದವರು ಇಲ್ಲದೆ ಯಾರಿಗೆ ಅಂತ ಹೇಳಲಿ? ಹರಕೆ ಹೋಗಿ ಎಲ್ಲಿ ಇಳಿಯುತ್ತೆ? ಈ ಕುರಿಯುಣ್ಣೆಗಾ?"

ಅದು ನಿಜವೇ. ನಮ್ಮಲ್ಲಿ ಹಿರಿಯರು ಹರಕೆಗೆ ಕೈ ಎತ್ತಿದರೆ ಕೇಳುವವರು ಅಂಗೈ ಒಡ್ಡುತ್ತಾರೆ, ಮುಗಿದ ಮೇಲೆ ಓಮೀನ್, ಹಾಗೇ ಆಗಲಿ, ಅಂದು ಅದೇ ಅಂಗೈಯನ್ನು ಮುಖಕ್ಕೆ ಸವರಿಕೊಳ್ಳುತ್ತಾರೆ. ಬೆಗಾಯಿಮ್‌ಳನ್ನು ಕರೆದರೆ ಬರಲೊಲ್ಲಳು. "ಗಂಡನ ಮನೆಗೆ ಹೋಗೋ ದಿನದ ಹರಕೆ ಈಗಲೇ ಯಾಕೆ? ನನ್ನನ್ನು ಓಡಿಸೋಕೆ ಅಷ್ಟು ಆತುರವಾ?" ಅನ್ನುತ್ತಿದ್ದಳು.

ಭಾವ ಮುಂದೆ ಬಂದ. ಅಕ್ಕನ ತಲೆವಸ್ತ್ರವನ್ನು ಟೊಪ್ಪಿಯ ಮೇಲೇ ಹೊದ್ದು, ಮಂಡಿಯೂರಿ, ಅಂಗೈ ಒಡ್ಡಿ ಕೂತ. "ಹೇಳಮ್ಮ, ನಾನೇ ಮದುಮಗಳು."

ಅಕ್ಕ ಕೈ ಎತ್ತಿದಳು. ಅವನ ಮೀಸೆ ನೋಡಿದಳು. "ರೀ, ಈ ಮೂತಿಯನ್ನ ಯಾವ ಅತ್ತೆ ತಲೆಗೆ ಕಟ್ಟಲಿ?" ಅಂದು ನಗಲು ಶುರುಮಾಡಿದವಳಿಗೆ ಕೆಮ್ಮು ಹತ್ತಿತು. ಆ ಬೆಳಿಗ್ಗೆ ಹಾಗೇ ಮುಗಿಯಿತು.

ಕೊನೆಯ ದಿನ ಬಂತು. ಮರುದಿನ ಬೆಳಿಗ್ಗೆ ಬಿಶ್ಕೆಕ್‌ಗೆ ಕಾರು. ಅಕ್ಕ ಹಾಲು ಕರೆದು ಮುಗಿಸಿ ಬಕೆಟ್ ಪಕ್ಕದಲ್ಲಿಟ್ಟುಕೊಂಡು ಹುಲ್ಲಿನ ಮೇಲೆ ಕೂತಿದ್ದಳು. ಗಾಳಿ ಕೂಡ ಅಪರೂಪಕ್ಕೆ ಸುಮ್ಮನಿತ್ತು.

"ಒಂದು ಕೆಲಸ ಮಾಡೋಣ" ಅಂದಳು. "ಮೊದಲು ನಿನ್ನನ್ನು ಹರಸ್ತೀನಿ. ನೀನು ನಿಜವಾಗಿ ನನ್ನ ಎದುರಿಗಿದ್ದೀಯಲ್ಲ. ಅದೇ ಓಘದಲ್ಲಿ ಅವಳದ್ದೂ ಬಂದುಬಿಡಬಹುದು."

ನಾನು ಫೋನ್ ಚಾಲೂ ಮಾಡಿ ಅವಳ ಕೆನ್ನೆಯ ಬಳಿ ಹಿಡಿದೆ. ಅಕ್ಕ ಕೈ ಎತ್ತಿದಳು. "ನನ್ನ ಜೊತೆ ಒಂದೇ ಹೊದಿಕೆಯಲ್ಲಿ ಬೆಳೆದವಳೇ," ಅಂತ ಶುರುಮಾಡಿದಳು. ಎಷ್ಟು ಮೆತ್ತಗಿನ ದನಿ ಅದು! ನನ್ನ ಎರಡೂ ಅಂಗೈ ತಾವಾಗಿಯೇ ತೆರೆದುಕೊಂಡವು.

ಬುಳಕ್ ಅಂತ ಸದ್ದಾಯಿತು. ಫೋನ್ ಹಾಲಿನ ಬಕೆಟಿನೊಳಗೆ.

ಮಾತು ಕಲಿಯುವ ಮೊದಲೇ ಹರಕೆಗೆ ಅಂಗೈ ಒಡ್ಡುವುದನ್ನು ಕಲಿಸಿರುತ್ತಾರೆ ನಮಗೆ. ಆ ಕೈಗೆ ತಾನು ಏನನ್ನೋ ಹಿಡಿದಿದ್ದೇನೆ ಅನ್ನುವುದು ಎಲ್ಲಿ ನೆನಪಿರುತ್ತದೆ? ತೋಳು ಮುಳುಗಿಸಿ ಹುಡುಕಿ ತೆಗೆದೆ. ಉಣ್ಣೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು. ಒರೆಸಿದೆ, ಒಲೆಯ ಶಾಖಕ್ಕೆ ಹಿಡಿದೆ, ಹಿಟ್ಟಿನ ಚೀಲದಲ್ಲಿ ಹೂತಿಟ್ಟೆ. ಏನು ಮಾಡಿದರೂ ಅದು ಮತ್ತೆ ಕಣ್ಣು ಬಿಡಲಿಲ್ಲ. ಹಾಲಿನ ಧಾರೆ, ಬೆರಣಿ, ಅಜ್ಜಿಯ ಕಥೆ, ಆ ನಗು, ಎಲ್ಲ ಅದರೊಳಗೇ ಹೋಯಿತು.

ಅಕ್ಕ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎತ್ತಿದ ಕೈಯನ್ನು ಇಳಿಸಲೂ ಇಲ್ಲ. "ನನ್ನ ತಂಗಿಗೆ ಬುದ್ಧಿ ಬರಲಿ, ಅವಳ ಕೈ ಗಟ್ಟಿಯಾಗಲಿ, ಓಮೀನ್!" ಅಂದು ಹರಕೆ ಮುಗಿಸಿ ಮುಖ ಸವರಿಕೊಂಡಳು.

ಉಳಿದದ್ದು ಬೆಗಾಯಿಮ್‌ಳ ಫೋನ್ ಒಂದೇ. ಭಾವನದ್ದು ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ಮಾತಾಡಿದರೆ ಅವನ ದನಿಯೇ ಅವನಿಗೆ ಗುರುತು ಸಿಗುವುದಿಲ್ಲ. ಮರಿಗಳಿಗೆ ಬಿಗಿದ ಹಗ್ಗ ಸರಿಮಾಡುತ್ತಿದ್ದ ಹುಡುಗಿಯ ಬಳಿ ಹೋಗಿ ಕೇಳಿದೆ.

"ಕೊಡಲ್ಲ" ಅಂದಳು.

"ಬೆಗಾಯಿಮ್, ನಾಳೆ ಕಾರು ಬರುತ್ತೆ."

"ಬರಲಿ. ಹೋಗಿ ಆಪರೇಷನ್ ಮಾಡಿಸಿಕೊಂಡು ಬರಲಿ. ದನಿ ಬರೋವರೆಗೆ ನಾನೂ ಮದುವೆ ಆಗಲ್ಲ. ವಸಂತಕ್ಕಾದರೂ ಸರಿ, ಮುಂದಿನ ವರ್ಷಕ್ಕಾದರೂ ಸರಿ. ಅಮ್ಮ ತನ್ನ ಬಾಯಲ್ಲೇ ಹೇಳಿ ಕಳಿಸಲಿ. ನಿಮಗೆ ಯಾಕೆ ಚಿಕ್ಕಮ್ಮ ಇಷ್ಟು ಅವಸರ?"

ನನ್ನ ನಾಲಿಗೆ ನನ್ನ ಹಿಡಿತದಲ್ಲಿರಲಿಲ್ಲ. "ಬರಲ್ಲ ಕಣೇ! ಎಷ್ಟು ವರ್ಷ ಕಾದರೂ ಬರಲ್ಲ. ಪೆಟ್ಟಿಗೇನೇ ತೆಗೀತಾರೆ. ನಿಮ್ಮಮ್ಮ ಇನ್ನು ಮಾತಾಡಲ್ಲ."

ಅವಳು ನನ್ನನ್ನೇ ನೋಡಿದಳು. "ಬರುತ್ತೆ ಅಂತ ಅಮ್ಮ ಹೇಳಿದಳಲ್ಲ" ಅಂದಳು, ಚಿಕ್ಕ ಮಗುವಿನ ಹಾಗೆ. ಕೈಯಲ್ಲಿದ್ದ ಹಗ್ಗ ಬಿಟ್ಟು ಕೆರೆಯ ಕಡೆ ನಡೆದುಬಿಟ್ಟಳು. ಅಕ್ಕ ದೂರದಿಂದಲೇ ನೋಡಿ ಎಲ್ಲ ತಿಳಿದುಕೊಂಡಳು. ನನ್ನ ಜೊತೆ ಆ ಸಂಜೆ ಮಾತಾಡಲಿಲ್ಲ. ಮಾತು ಉಳಿದದ್ದೇ ಒಂದು ಸಂಜೆಯದ್ದು, ಅದನ್ನೂ ನಾನು ಕಳೆದೆ. ಬೆಗಾಯಿಮ್ ಯಾವಾಗ ವಾಪಸ್ ಬಂದು ಮಲಗಿದಳೋ ಗೊತ್ತಾಗಲಿಲ್ಲ.

ಬೆಳಿಗ್ಗೆ ಎದ್ದರೆ ಗಾಳಿ. ಸಾಮಾನ್ಯ ಗಾಳಿಯಲ್ಲ, ಗುಡಾರದ ಹಗ್ಗಗಳೆಲ್ಲ ಕಿರ್ರೆನ್ನುವ ಗಾಳಿ. ಕಾರು ಬಂದು ನಿಂತಿತ್ತು. ಅಕ್ಕ ಒಳ್ಳೆಯ ಬಟ್ಟೆ ಹಾಕಿಕೊಂಡು, ಹೆಣ್ಣು ಕುದುರೆಗಳ ಕುತ್ತಿಗೆ ಒಂದೊಂದಾಗಿ ತಟ್ಟಿ ಬರುತ್ತಿದ್ದಳು. ಆಗ ಬೆಗಾಯಿಮ್ ಗುಡಾರದಿಂದ ಹೊರಬಂದಳು. ಕಣ್ಣು ಊದಿಕೊಂಡಿದ್ದವು. ನೇರ ಹೋಗಿ ತಾಯಿಯ ಎದುರು ಹುಲ್ಲಿನ ಮೇಲೆ ಮಂಡಿಯೂರಿದಳು. ಎರಡೂ ಅಂಗೈ ಜೋಡಿಸಿ ಒಡ್ಡಿದಳು. ಅಂಗೈಗಳ ಮೇಲೆ ಅವಳ ಫೋನ್ ಮಲಗಿತ್ತು, ರೆಕಾರ್ಡಿನ ಕೆಂಪು ಚುಕ್ಕೆ ಹೊತ್ತಿಕೊಂಡಿತ್ತು.

ಅಕ್ಕ ಅವಳ ಮುಂದೆ ಕೂತಳು.

"ನಿಲ್ಲಿ, ನಿಲ್ಲಿ! ಈ ಗಾಳಿಯಲ್ಲಿ ಏನೂ ಬರಲ್ಲ, ಗುಡಾರದ ಮರೆಗೆ ಬನ್ನಿ" ಅಂತ ನಾನು ಕೂಗಿದೆ. ಇಬ್ಬರೂ ನನ್ನ ಕಡೆ ತಿರುಗಲಿಲ್ಲ. ಅಕ್ಕನ ಕೈ ಆಗಲೇ ಮೇಲೇರಿತ್ತು. ನಾನು ಒಳಗೆ ನುಗ್ಗಿ ನೆಲಕ್ಕೆ ಹಾಸಿದ್ದ ಉಣ್ಣೆ ಕಂಬಳಿಯನ್ನು ಸರ್ರನೆ ಎಳೆದೆ. ಅದರ ಮೇಲೆ ಟೀ ಕುಡಿಯುತ್ತ ಕೂತಿದ್ದ ಭಾವ ಹೊರಳಿಬಿದ್ದ.

"ಏನೇ ಇದು, ಭೂಕಂಪವಾ?"

"ಏಳಿ ಭಾವ, ಆ ತುದಿ ಹಿಡೀರಿ!"

ಇಬ್ಬರೂ ಓಡಿಬಂದು ತಾಯಿ ಮಗಳ ಬೆನ್ನಿಗೆ, ಗಾಳಿ ಬೀಸುವ ಕಡೆಗೆ, ಆ ಭಾರದ ಕಂಬಳಿಯನ್ನು ಗೋಡೆಯ ಹಾಗೆ ಎತ್ತಿ ಹಿಡಿದೆವು. ಗಾಳಿ ಬಂದು ಅದಕ್ಕೆ ಹಾಯುತ್ತಿತ್ತು. ಕಾಲು ಊರಿ ನಿಂತೆ. ಜೀವಮಾನವೆಲ್ಲ ಅದರ ಜೊತೆ ಜಗಳವಾಡಿದ್ದೆ, ಆದರೆ ಅವತ್ತಿನಷ್ಟು ಹಟದಿಂದ ಎಂದೂ ಆಡಿರಲಿಲ್ಲ.

ಅಕ್ಕ ಹೇಳಿದಳು. ದನಿ ಗೊಗ್ಗರಾಗಿತ್ತು, ಆದರೆ ಗಟ್ಟಿಯಿತ್ತು.

"ನನ್ನ ಬೆಗಾಯಿಮ್, ನಿನ್ನ ಒಲೆ ಆರದಿರಲಿ. ನೀನು ಹೋದ ಮನೆಯ ನಾಯಿ ಕೂಡ ನಿನ್ನನ್ನು ಗುರುತು ಹಿಡಿಯಲಿ. ನಿನ್ನ ಅತ್ತೆಗೆ ನಿನ್ನ ಟೀ ರುಚಿಸಲಿ, ರುಚಿಸದಿದ್ದರೆ ಹೇಳುವ ಧೈರ್ಯ ಅವರಿಗೆ ಬಾರದಿರಲಿ. ಕುದುರೆಗಳು ಅವಳಿ ಹಾಕಲಿ, ನೀನೂ ಹಾಕು. ಗಂಡ ಸಿಟ್ಟಾದ ದಿನ ನೀನು ಸುಮ್ಮನಿರು, ನೀನು ಸಿಟ್ಟಾದ ದಿನ ಅವನು ಕುದುರೆ ನೋಡೋಕೆ ಹೋಗಲಿ. ನಿನ್ನ ಮಕ್ಕಳು ಗದ್ದಲ ಮಾಡಲಿ. ಆ ಮನೆ ಸದ್ದಿನಿಂದ ತುಂಬಿರಲಿ. ಓಮೀನ್."

ಭಾವ ಕಂಬಳಿಯ ಆ ತುದಿಯಿಂದ ಪಿಸುಗುಟ್ಟಿದ, "ಸಾಯ್ರಾ, ಕೈ ಖಾಲಿ ಇಲ್ಲ. ಮುಖ ಸವರಿಕೊಳ್ಳೋದು ಹೇಗೆ?" ಅವನ ಗಡ್ಡದಿಂದ ನೀರು ಇಳಿಯುತ್ತಿತ್ತು. ನನ್ನದೂ ಅದೇ ಪಾಡು. ಇಬ್ಬರೂ ಮುಖವನ್ನು ಕಂಬಳಿಗೇ ಒರೆಸಿದೆವು.

ಬೆಗಾಯಿಮ್ ಫೋನನ್ನು ಮಡಿಲಿಗೆ ಇಳಿಸಿ, ಅಂಗೈ ಎರಡನ್ನೂ ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಹಾಗೇ ಕೂತಿದ್ದಳು. ಆಮೇಲೆ ಅವಳೇ ತಾಯಿಯನ್ನು ಕಾರಿಗೆ ಹತ್ತಿಸಿದಳು.

ಆಪರೇಷನ್ ಆಯಿತು. ಅಕ್ಕ ಕುತ್ತಿಗೆಗೆ ತೆಳು ವಸ್ತ್ರ ಸುತ್ತಿಕೊಂಡು ಮನೆಗೆ ಬಂದಳು. ಇನ್ನು ಉಸಿರಾಟ ಆ ವಸ್ತ್ರದ ಅಡಿಯ ತೂತಿನಿಂದಲೇ. ಗಂಟಲಿಗೆ ಒತ್ತಿಕೊಂಡು ಮಾತಾಡುವ ಒಂದು ಯಂತ್ರ ಕೊಟ್ಟಿದ್ದರು. ಒಮ್ಮೆ ಮರಿಗಳ ಹತ್ತಿರ ಅದರಲ್ಲಿ ಮಾತಾಡಿದಳಂತೆ, ಮರಿಗಳೆಲ್ಲ ಹಗ್ಗ ಕಿತ್ತುಕೊಂಡು ಓಡಿದವಂತೆ. ಅದು ಪೆಟ್ಟಿಗೆ ಸೇರಿತು. ಭಾವ ಅವಳ ತುಟಿ ಓದಲು ಕಲಿತ. ಬೈಗುಳ ಮಾತ್ರ ಓದಲು ಬರುವುದಿಲ್ಲ ಅಂತ ನಾಟಕ ಮಾಡುತ್ತಿದ್ದ.

ಶರತ್ಕಾಲದಲ್ಲಿ ಕೆಳಗಿನ ಹಳ್ಳಿಯ ಮನೆಯ ಅಂಗಳದಲ್ಲಿ ಮದುಮಗಳನ್ನು ಕಳಿಸುವ ದಿನ. ಅವತ್ತು ಎಲೆ ಕೂಡ ಅಲ್ಲಾಡುತ್ತಿರಲಿಲ್ಲ. ಬೀಗರು ಬಂದು ಸಾಲಾಗಿ ನಿಂತಿದ್ದರು. ಬೆಗಾಯಿಮ್‌ಳ ಫೋನನ್ನು ಹಾಡು ಹಾಕುವವರ ದೊಡ್ಡ ಸ್ಪೀಕರಿಗೆ ನಾನೇ ಜೋಡಿಸಿದೆ. ಕಂಬಳಿ ಹಿಡಿಯುವ ಮೊದಲಿನ ಗಾಳಿ ಅದರಲ್ಲಿ ಹಾಗೇ ಉಳಿದಿತ್ತು. ಕತ್ತರಿಸೋಣ ಅಂದರೆ ಬೆಗಾಯಿಮ್ ಬಿಟ್ಟಿರಲಿಲ್ಲ. ಸ್ಪೀಕರಿನಿಂದ ಆ ಭರ್ ಭರ್ ಹೊರಟ ಕೂಡಲೇ ಬೀಗರಲ್ಲಿ ಒಬ್ಬ ಮುದುಕ ಗಾಬರಿಯಾಗಿ ಟೊಪ್ಪಿ ಹಿಡಿದುಕೊಂಡು ಆಕಾಶ ನೋಡಿದ. ಜನ ನಕ್ಕರು. ಹಿಂದೆಯೇ "ಏನೇ ಇದು, ಭೂಕಂಪವಾ?" ಅಂತ ಭಾವನ ದನಿ. ಇನ್ನೂ ನಕ್ಕರು. ಆಮೇಲೆ ಗಾಳಿ ತಗ್ಗಿತು, ಅಕ್ಕನ ದನಿ ಬಂತು, ಅಂಗಳದಲ್ಲಿ ನಗು ನಿಂತು ಎಲ್ಲರ ಅಂಗೈ ತೆರೆದುಕೊಂಡವು.

ನಾನು ಅಕ್ಕನನ್ನೇ ನೋಡುತ್ತಿದ್ದೆ. ಅವಳು ಮಗಳ ಎದುರು ಕೈ ಎತ್ತಿ ನಿಂತಿದ್ದಳು. ಸ್ಪೀಕರಿನಿಂದ ಬರುವ ಒಂದೊಂದು ಮಾತಿಗೂ ಅವಳ ತುಟಿ ಆಡುತ್ತಿತ್ತು, ಒಂದಕ್ಷರ ಹಿಂದಿಲ್ಲ, ಮುಂದಿಲ್ಲ. ನೋಡನೋಡುತ್ತ ದನಿ ಸ್ಪೀಕರಿನಿಂದ ಬರುತ್ತಿದೆ ಅನ್ನುವುದೇ ನನಗೆ ಮರೆತುಹೋಯಿತು. ಸೊಸೆ ಟೀ ಮಾಡುವ ಮಾತಿಗೆ ಬೀಗಿತ್ತಿ ಗೊಳ್ಳನೆ ನಕ್ಕಳು. "ಆ ಮನೆ ಸದ್ದಿನಿಂದ ತುಂಬಿರಲಿ. ಓಮೀನ್." ಎಲ್ಲರೂ ಓಮೀನ್ ಅಂದರು, ಮುಖ ಸವರಿಕೊಂಡರು, ಹಾಡಿನವರು ವಾದ್ಯ ಎತ್ತಿಕೊಂಡರು, ಕಾರಿನ ಬಾಗಿಲು ತೆರೆಯಿತು.

ಅಕ್ಕನ ಕೈ ಇಳಿಯಲಿಲ್ಲ. ತುಟಿ ಇನ್ನೂ ಆಡುತ್ತಲೇ ಇತ್ತು. ಬೇಸಿಗೆಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಹೇಳುವುದು ಅವಳಲ್ಲಿ ಆಗಲೇ ಸೇರಿಕೊಂಡಿತ್ತು. ಸುತ್ತ ಜನ ಓಡಾಡುತ್ತಿದ್ದರು, ಗಂಟು ಮೂಟೆ ಎತ್ತುತ್ತಿದ್ದರು, ಯಾರೂ ಗಮನಿಸಲಿಲ್ಲ. ಬೆಗಾಯಿಮ್ ಒಬ್ಬಳೇ ಅಂಗೈ ಒಡ್ಡಿಕೊಂಡು, ತಾಯಿಯ ತುಟಿಯ ಮೇಲಿಂದ ಕಣ್ಣು ತೆಗೆಯದೆ ನಿಂತಿದ್ದಳು. ಕುತ್ತಿಗೆಯ ವಸ್ತ್ರ ಮೆಲ್ಲಗೆ ಉಬ್ಬಿ ಇಳಿಯುವುದಷ್ಟೇ ಕಾಣುತ್ತಿತ್ತು. ಕೊನೆಗೆ ಅಕ್ಕ ಮುಖ ಸವರಿಕೊಂಡಳು. ಆಮೇಲೆ ಮಗಳು ಸವರಿಕೊಂಡಳು.

ನಾನು ಓಡಿಹೋಗಿ ಕಾರಿನ ಕಿಟಕಿ ಹಿಡಿದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವುದೇ ನನ್ನ ಉದ್ಯೋಗವಾಗಿತ್ತಲ್ಲ, ತಡೆಯಲಾಗಲಿಲ್ಲ.

"ಬೆಗಾಯಿಮ್, ಓಮೀನ್ ಆದಮೇಲೆ ಅಮ್ಮ ಇನ್ನೂ ಏನೋ ಹೇಳಿದಳಲ್ಲ. ಏನಂದಳೇ?"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಅದು ನನಗೆ ಹೇಳಿದ್ದು, ಚಿಕ್ಕಮ್ಮ."

ಕಾರು ಹೊರಟಿತು. ನಾನು ಇನ್ನೊಂದು ಪ್ರಶ್ನೆ ಕೇಳಲಿಲ್ಲ.